ಎಮ್ಮಾವು ಎಲ್ಲಿದೆ? ಊರ ಹೆಸರುಗಳ ಬೆನ್ನು ಹತ್ತಿದ ಸಂತ ಜೆರೋಮರು



ಪ್ರತಿವರ್ಷ ಸೆಪ್ಟೆಂಬರ್ 30ರಂದು ಪವಿತ್ರ ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಬೈಬಲನ್ನು ಲತೀನ್ ಭಾಷೆಗೆ ತಂದ ಮಹಾಪಂಡಿತರು, ಬೆತ್ಲೆಹೇಮಿನ ಗುಹೆಯಲ್ಲಿ ಸಿಂಹವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬರೆಯುತ್ತಾ ಕುಳಿತ ಬಿಳಿಗಡ್ಡದ ಸನ್ಯಾಸಿ. ನಮ್ಮಲ್ಲಿ ಹೆಚ್ಚಿನವರಿಗೆ ಅವರ ಪರಿಚಯ ಇಷ್ಟೇ. ಸೆಮಿನರಿಯಲ್ಲಿ ಪರೀಕ್ಷೆಗಾಗಿ ಅವರ ಇಸವಿಗಳನ್ನು ಬಾಯಿಪಾಠ ಮಾಡಿದ ನಮಗೂ ಅವರು ಅದಕ್ಕಿಂತ ಹೆಚ್ಚು ಹತ್ತಿರದವರಾಗಿರಲಿಲ್ಲ. ಅವರನ್ನು ನಮಗೆ ಹತ್ತಿರ ಮಾಡಿದ್ದು ಒಂದು ಊರಿನ ಹೆಸರು ಮತ್ತು ಏಳನೇ ತರಗತಿಯ ಒಬ್ಬ ಹುಡುಗನ ಪ್ರಶ್ನೆ.

ಈಸ್ಟರ್ ಹಬ್ಬದ ನಂತರದ ದಿನಗಳವು. ಧರ್ಮೋಪದೇಶ ತರಗತಿಯಲ್ಲಿ ಎಮ್ಮಾವಿನ ದಾರಿಯ ಶಿಷ್ಯರ ಬಗ್ಗೆ ಹೇಳುತ್ತಿದ್ದೆವು. ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವು ಎಂಬ ಹಳ್ಳಿಗೆ ಹೊರಟಿದ್ದಾರೆ. ಪುನರುತ್ಥಾನಗೊಂಡ ಪ್ರಭು ಯೇಸು ಅಪರಿಚಿತರಂತೆ ಜೊತೆಗೂಡುತ್ತಾರೆ. ಸಂಜೆಯ ಊಟದಲ್ಲಿ ರೊಟ್ಟಿಯನ್ನು ಮುರಿದಾಗ ಶಿಷ್ಯರ ಕಣ್ಣು ತೆರೆಯುತ್ತದೆ. ಅವರು ಆ ಕ್ಷಣವೇ ಎದ್ದು ಜೆರುಸಲೇಮಿಗೆ ಹಿಂತಿರುಗುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಆ ಹುಡುಗ ಎದ್ದು ನಿಂತ. ಮನೆಯಲ್ಲಿ ಅಪ್ಪನ ಮೊಬೈಲಿನಲ್ಲಿ ನೋಡಿದಾಗ ಎಮ್ಮಾವು ಜೆರುಸಲೇಮಿನಿಂದ ಸುಮಾರು 30 ಕಿಲೋಮೀಟರ್ ದೂರ ಎಂದು ಬಂತಂತೆ. ಬೈಬಲಿನಲ್ಲಿರುವ ಲೆಕ್ಕ ಸುಮಾರು 11 ಕಿಲೋಮೀಟರ್. ಇವೆರಡರಲ್ಲಿ ಯಾವುದು ಸುಳ್ಳು ಎಂದು ಅವನು ಕೇಳಿದ. 30 ಕಿಲೋಮೀಟರ್ ನಡೆದು ದಣಿದವರು ಊಟದ ಹೊತ್ತಿಗೆ ಎದ್ದು ಮತ್ತೆ ಅಷ್ಟೇ ದೂರ ರಾತ್ರಿಯಲ್ಲಿ ನಡೆಯಲು ಸಾಧ್ಯವೇ ಎಂದೂ ಕೇಳಿದ.

ಉಳಿದ ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ. ಹುಡುಗನ ಮುಖದಲ್ಲಿ ತುಂಟತನವಿರಲಿಲ್ಲ. ಶುಭಸಂದೇಶವನ್ನು ನಂಬಬಹುದೇ ಎಂಬುದೇ ಅವನ ಪ್ರಶ್ನೆಯಾಗಿತ್ತು. ಮುಂದಿನ ಭಾನುವಾರ ಉತ್ತರ ಕೊಡುತ್ತೇವೆಂದು ಮಾತು ಕೊಟ್ಟೆವು.

ಕಂಪ್ಯೂಟರಿನ ಮುಂದೆ ನಾಲ್ಕು ರಾತ್ರಿ

ನಮ್ಮ ಕಂಪ್ಯೂಟರಿನಲ್ಲಿ ಬೈಬಲ್ ಅಧ್ಯಯನದ ತಂತ್ರಾಂಶವೊಂದಿದೆ. ಹತ್ತಾರು ಅನುವಾದಗಳು, ಗ್ರೀಕ್ ಮತ್ತು ಹೀಬ್ರೂ ಮೂಲ, ನಿಘಂಟು, ನಕಾಶೆ ಎಲ್ಲವೂ ಅದರಲ್ಲಿವೆ. ಹೆಸರನ್ನು ಟೈಪು ಮಾಡಿ ಒಂದು ಗುಂಡಿ ಒತ್ತಿದರೆ ಉತ್ತರ ಸಿಗುತ್ತದೆಂದು ನಂಬಿ ಕುಳಿತೆವು.

ಮೊದಲು ಕನ್ನಡದಲ್ಲಿ ಹುಡುಕಿದೆವು. ಕನ್ನಡದಲ್ಲಿ ಈ ಊರನ್ನು ಎಮ್ಮಾವು, ಎಮ್ಮಾಹು, ಎಮ್ಮಾವುಸ್ ಎಂದು ಬೇರೆಬೇರೆಯಾಗಿ ಬರೆಯುತ್ತಾರೆ. ಒಂದನ್ನು ಟೈಪು ಮಾಡಿದರೆ ಇನ್ನೊಂದು ಬರುವುದಿಲ್ಲ. ಕಂಪ್ಯೂಟರಿಗೆ ಅವು ಮೂರು ಬೇರೆ ಊರುಗಳು! ನಮ್ಮ ಕರಾವಳಿಯವರಿಗೆ ಈ ಕಷ್ಟ ಸುಲಭವಾಗಿ ಅರ್ಥವಾಗುತ್ತದೆ. ಮಂಗಳೂರನ್ನು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎನ್ನುತ್ತೇವೆ. ಇವೆಲ್ಲವೂ ಒಂದೇ ಊರು ಎಂಬುದು ಇಲ್ಲಿ ಬಸ್ಸು ಹತ್ತುವ ಮಗುವಿಗೂ ಗೊತ್ತು. ಆದರೆ ಅಕ್ಷರಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಯಾರಾದರೂ ಮೊದಲೇ ಹೇಳಿಕೊಟ್ಟಿರಬೇಕು.

ಆಮೇಲೆ ಇಂಗ್ಲಿಷಿನಲ್ಲಿ ಹುಡುಕಿದೆವು. ಒಂದೇ ಒಂದು ಉತ್ತರ ಬಂತು: ಸಂತ ಲೂಕರ ಶುಭಸಂದೇಶ, 24ನೇ ಅಧ್ಯಾಯ, 13ನೇ ವಚನ. ಆದರೆ ಯೂದ ಮಕ್ಕಬಿಯನು ಗ್ರೀಕ್ ಸೈನ್ಯವನ್ನು ಸೋಲಿಸಿದ್ದು ಎಮ್ಮಾವಿನ ಬಳಿ ಎಂದು ಓದಿದ ನೆನಪು ನಮಗಿತ್ತು. ಮುದ್ರಿತ ಬೈಬಲನ್ನು ತೆರೆದು ನೋಡಿದರೆ ಮಕ್ಕಬಿಯರ ಮೊದಲನೆಯ ಗ್ರಂಥದ 3 ಮತ್ತು 4ನೇ ಅಧ್ಯಾಯಗಳಲ್ಲಿ ಆ ಹೆಸರು ಸ್ಪಷ್ಟವಾಗಿದೆ. ಹಾಗಾದರೆ ತಂತ್ರಾಂಶಕ್ಕೆ ಏಕೆ ಸಿಗಲಿಲ್ಲ? ಅದರಲ್ಲಿದ್ದ ಹಳೆಯ ಒಡಂಬಡಿಕೆ 39 ಗ್ರಂಥಗಳದ್ದು. ಕಥೋಲಿಕ ಬೈಬಲಿನಲ್ಲಿ 46 ಗ್ರಂಥಗಳಿವೆ. ಇಲ್ಲದ ಏಳರಲ್ಲಿ ಮಕ್ಕಬಿಯರ ಎರಡು ಗ್ರಂಥಗಳೂ ಸೇರಿವೆ. ಇಲ್ಲದ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಾದರೂ ಏನು? ಆದರೆ ಆ ಪುಸ್ತಕ ತನ್ನಲ್ಲಿಲ್ಲ ಎಂದು ಯಂತ್ರ ಹೇಳಲಿಲ್ಲ. ಒಂದೇ ಕಡೆ ಇದೆ ಎಂದು ಧೈರ್ಯದಿಂದ ಹೇಳಿತು. ನಮಗೆ ಬೇಸರ ತಂದದ್ದು ಆ ಧೈರ್ಯ.

ಮೂರನೆಯ ರಾತ್ರಿ ಮೂಲಪದದ ಅರ್ಥವನ್ನು ಹಿಡಿದು ಹೊರಟೆವು. ಎಮ್ಮಾವು ಎಂಬ ಹೆಸರು ಬಿಸಿನೀರಿನ ಬುಗ್ಗೆ ಎಂಬ ಅರ್ಥದ ಹೀಬ್ರೂ ಪದದಿಂದ ಬಂದಿರಬಹುದೆಂದು ವಿದ್ವಾಂಸರು ಹೇಳುತ್ತಾರೆ. ಆ ಎಳೆಯನ್ನು ಹಿಡಿದು ಹೋದರೆ ತಂತ್ರಾಂಶ ನಮ್ಮನ್ನು ಗಲಿಲೇಯ ಸರೋವರದ ದಡದ ತಿಬೇರಿಯಕ್ಕೆ ಕೊಂಡೊಯ್ದಿತು. ಅಲ್ಲಿಯೂ ಬಿಸಿನೀರಿನ ಬುಗ್ಗೆಗಳಿವೆ, ಹೆಸರೂ ಹತ್ತಿರದ್ದೇ. ಆದರೆ ಜೆರುಸಲೇಮಿನಿಂದ ಅದು ಎಷ್ಟು ದೂರ! ಒಂದು ಸಂಜೆಯ ನಡಿಗೆಯಲ್ಲಿ ಯಾರೂ ಅಲ್ಲಿಗೆ ಮುಟ್ಟಲಾರರು.

ನಾಲ್ಕನೆಯ ರಾತ್ರಿ ನಕಾಶೆ ತೆರೆದೆವು. ನಕಾಶೆಯಲ್ಲಿ ಎಮ್ಮಾವಿಗೆ ಒಂದು ಕಪ್ಪು ಚುಕ್ಕೆ ಇತ್ತು. ಅದೇ ತಂತ್ರಾಂಶದ ನಿಘಂಟು ಬೇರೆ ಜಾಗವನ್ನು ಹೇಳುತ್ತಿತ್ತು. ಸಾಕಾಗಿ ಮುಚ್ಚುವ ಹೊತ್ತಿಗೆ ಒಂದು ಅಡಿಟಿಪ್ಪಣಿಯಲ್ಲಿ ಎರಡು ಹೆಸರುಗಳು ಕಣ್ಣಿಗೆ ಬಿದ್ದವು. ಒಂದು, ಕೈಸರೇಯದ ಧರ್ಮಾಧ್ಯಕ್ಷ ಯೂಸೇಬಿಯಸ್. ಇನ್ನೊಂದು, ಸಂತ ಜೆರೋಮ್. ಹದಿನಾರು ಶತಮಾನಗಳ ಹಿಂದೆ ಇದೇ ಊರಿನ ಹೆಸರನ್ನು ಹುಡುಕುತ್ತಾ ಈ ಸಂತರು ಅದೇ ದಾರಿಯಲ್ಲಿ ಹೋಗಿದ್ದರು! ಅಂದು ಕಂಪ್ಯೂಟರನ್ನು ಮುಚ್ಚಿ ಅವರ ಜೀವನವನ್ನು ಮೊದಲಿನಿಂದ ಓದಲು ಕುಳಿತೆವು.

ಹುಟ್ಟೂರು ಕಳೆದುಹೋದ ಮನುಷ್ಯ

ಜೆರೋಮರು ಹುಟ್ಟಿದ್ದು ಕ್ರಿ.ಶ. 347ರ ಸುಮಾರಿಗೆ, ರೋಮ್ ಸಾಮ್ರಾಜ್ಯದ ದಲ್ಮಾಸಿಯ ಮತ್ತು ಪನ್ನೋನಿಯ ಪ್ರಾಂತ್ಯಗಳ ಗಡಿಯಲ್ಲಿದ್ದ ಸ್ತ್ರಿದೋನ್ ಎಂಬ ಊರಿನಲ್ಲಿ. ತಂದೆತಾಯಿ ಕ್ರೈಸ್ತರು. ತಂದೆಯ ಹೆಸರೂ ಯೂಸೇಬಿಯಸ್. ಈ ಸ್ತ್ರಿದೋನ್ ಎಲ್ಲಿದೆ ಎಂದು ನಾವು ನಕಾಶೆಯಲ್ಲಿ ಹುಡುಕಿದೆವು. ಸಿಗಲಿಲ್ಲ! ಈ ಬಾರಿ ತಪ್ಪು ಯಂತ್ರದ್ದಲ್ಲ. ಜೆರೋಮರ ಜೀವಿತಕಾಲದಲ್ಲೇ ಗೋಥರು ಆ ಊರನ್ನು ನೆಲಸಮ ಮಾಡಿದರು. 392-93ರ ಸುಮಾರಿಗೆ ಬರೆದ ಪ್ರಸಿದ್ಧ ಪುರುಷರ ಕುರಿತ ಗ್ರಂಥದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಇಂದಿಗೂ ಕ್ರೊಯೇಷಿಯ, ಸ್ಲೊವೇನಿಯ, ಬೋಸ್ನಿಯ ದೇಶಗಳ ಹಲವು ಊರುಗಳು ಸಂತರು ತಮ್ಮವರೆಂದು ಹೇಳುತ್ತವೆ. ಖಚಿತವಾಗಿ ಯಾವುದನ್ನೂ ತೋರಿಸಲಾಗಿಲ್ಲ. ಬೈಬಲಿನ ನೂರಾರು ಊರುಗಳ ಜಾಗವನ್ನು ಬರೆದಿಟ್ಟವರ ಸ್ವಂತ ಊರೇ ನಕಾಶೆಯಿಂದ ಅಳಿಸಿಹೋಗಿದೆ. ಊರ ಹೆಸರುಗಳ ಮೇಲೆ ಅವರಿಗೆ ಅಷ್ಟೊಂದು ಪ್ರೀತಿ ಇದ್ದುದು ಏಕೆಂಬುದು ಇದನ್ನು ಓದಿದಾಗ ನಮಗೆ ಸ್ವಲ್ಪ ಅರ್ಥವಾಯಿತು.

ಬಾಲಕ ಜೆರೋಮರನ್ನು ವಿದ್ಯಾಭ್ಯಾಸಕ್ಕೆ ರೋಮಿಗೆ ಕಳುಹಿಸಲಾಯಿತು. ಅಲ್ಲಿ ಹೆಸರಾಂತ ವ್ಯಾಕರಣ ಪಂಡಿತ ದೊನಾತುಸ್ ಅವರ ಗುರುವಾದರು. ಸಿಸೆರೊ, ವರ್ಜಿಲ್ ಮೊದಲಾದ ಲತೀನ್ ಲೇಖಕರ ಹುಚ್ಚು ಅವರಿಗೆ ಹಿಡಿಯಿತು. ರೋಮಿನಲ್ಲೇ ಸ್ನಾನದೀಕ್ಷೆ ಪಡೆದರು. ಮುಂದೆ ತ್ರಿಯರ್ ಮತ್ತು ಅಕ್ವಿಲೇಯಗಳಲ್ಲಿದ್ದು ಸನ್ಯಾಸದ ಕಡೆಗೆ ಒಲಿದರು. 374ರ ಸುಮಾರಿಗೆ ಪೂರ್ವದ ಅಂತಿಯೋಕ್ಯಕ್ಕೆ ಬಂದರು. ಅಲ್ಲಿ ಕಾಯಿಲೆಯಿಂದ ಮಲಗಿದ್ದಾಗ ಕಂಡ ಕನಸನ್ನು ಅವರು ಮುಂದೆ ಪತ್ರವೊಂದರಲ್ಲಿ ಬರೆದಿದ್ದಾರೆ. ದೈವೀ ನ್ಯಾಯಾಸನದ ಮುಂದೆ ತಾನು ಕ್ರೈಸ್ತನೆಂದು ಅವರು ಹೇಳಿಕೊಂಡಾಗ, ನೀನು ಸಿಸೆರೊವಿನವನೇ ಹೊರತು ಕ್ರಿಸ್ತರವನಲ್ಲ ಎಂಬ ತೀರ್ಪು ಬಂತು. ಆ ಕನಸು ಅವರನ್ನು ಅಲುಗಾಡಿಸಿತು.

ನಂತರ ಸಿರಿಯದ ಕಾಲ್ಕಿಸ್ ಮರುಭೂಮಿಯಲ್ಲಿ ಎರಡು ಮೂರು ವರ್ಷ ತಪಸ್ಸು ಮಾಡಿದರು. ಮನಸ್ಸಿನ ಚಂಚಲತೆಯನ್ನು ಹತ್ತಿಕ್ಕಲು ಅವರು ಕಂಡುಕೊಂಡ ಉಪಾಯ ವಿಚಿತ್ರವಾದುದು: ಯೆಹೂದ್ಯ ಧರ್ಮದಿಂದ ಬಂದ ಒಬ್ಬ ಸನ್ಯಾಸಿಯ ಶಿಷ್ಯರಾಗಿ ಹೀಬ್ರೂ ಅಕ್ಷರಮಾಲೆ ಕಲಿಯಲು ಕುಳಿತರು. ಸಿಸೆರೊವಿನ ಸೊಗಸಾದ ಮಾತಿಗೆ ಒಗ್ಗಿದ ನಾಲಗೆ ಗಂಟಲಿನಿಂದ ಹೊರಡುವ ಆ ಒರಟು ಶಬ್ದಗಳಿಗೆ ಒಗ್ಗಲಿಲ್ಲ. ಎಷ್ಟೋ ಸಲ ಬಿಟ್ಟುಬಿಟ್ಟರು, ಮತ್ತೆ ಹಿಡಿದರು. ಸೆಮಿನರಿಯಲ್ಲಿ ಹೀಬ್ರೂ ತರಗತಿಯಲ್ಲಿ ಕುಳಿತವರಿಗೆ ಈ ಸಂಕಟ ಚೆನ್ನಾಗಿ ಗೊತ್ತು!

ಅಂತಿಯೋಕ್ಯದಲ್ಲಿ ಯಾಜಕದೀಕ್ಷೆ ಪಡೆದು, ಕಾನ್‌ಸ್ಟಾಂಟಿನೋಪಲಿನಲ್ಲಿ ನಾಸಿಯಾನ್ಸಿನ ಸಂತ ಗ್ರೆಗೊರಿಯವರಿಂದ ಕಲಿತು, ಜೆರೋಮರು 382ರಲ್ಲಿ ರೋಮಿಗೆ ಮರಳಿದರು. ಜಗದ್ಗುರು ದಮಾಸುಸ್ ಅವರನ್ನು ತಮ್ಮ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು. ಆ ಕಾಲದಲ್ಲಿ ಲತೀನ್ ಬೈಬಲಿನ ಪ್ರತಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ನಾಲ್ಕು ಶುಭಸಂದೇಶಗಳನ್ನು ಗ್ರೀಕ್ ಮೂಲದೊಂದಿಗೆ ಹೋಲಿಸಿ ತಿದ್ದುವ ಕೆಲಸವನ್ನು ಜಗದ್ಗುರುಗಳು ಅವರಿಗೆ ವಹಿಸಿದರು. ಕೆಲಸ ಮುಗಿಯಿತು. ಜೊತೆಗೆ ಶತ್ರುಗಳೂ ಹುಟ್ಟಿಕೊಂಡರು. ಜೆರೋಮರ ಲೇಖನಿ ಹರಿತ, ಕೋಪ ಮೂಗಿನ ತುದಿಯಲ್ಲಿ. ರೋಮಿನ ಯಾಜಕರ ಆಡಂಬರವನ್ನು ಅವರು ಬಿಡದೆ ಟೀಕಿಸಿದರು. 384ರ ಡಿಸೆಂಬರಿನಲ್ಲಿ ದಮಾಸುಸ್ ನಿಧನರಾದ ಮೇಲೆ ರಕ್ಷಣೆಗೆ ಯಾರೂ ಉಳಿಯಲಿಲ್ಲ. ಶ್ರೀಮಂತ ವಿಧವೆ ಪೌಲ ಮತ್ತು ಅವರ ಬಳಗಕ್ಕೆ ಜೆರೋಮರು ಬೈಬಲ್ ಕಲಿಸುತ್ತಿದ್ದುದನ್ನೇ ನೆಪ ಮಾಡಿಕೊಂಡು ಅಪವಾದ ಹಬ್ಬಿಸಲಾಯಿತು. 385ರ ಆಗಸ್ಟಿನಲ್ಲಿ ಅವರು ರೋಮನ್ನು ಬಿಟ್ಟು ಹಡಗು ಹತ್ತಿದರು. ಮತ್ತೆ ಎಂದೂ ಆ ನಗರವನ್ನು ನೋಡಲಿಲ್ಲ.

ಕತ್ತೆಯ ಮೇಲೆ, ಚಳಿಗಾಲದಲ್ಲಿ

ಪೌಲ ಮತ್ತು ಅವರ ಮಗಳು ಯೂಸ್ತೋಕಿಯುಮ್ ಕೂಡ ಹಿಂದಿನಿಂದ ಹೊರಟು ಅಂತಿಯೋಕ್ಯದಲ್ಲಿ ಜೊತೆಗೂಡಿದರು. 385-86ರ ಚಳಿಗಾಲದಲ್ಲಿ ಅವರೆಲ್ಲ ಪವಿತ್ರ ನಾಡಿನ ಯಾತ್ರೆ ಕೈಗೊಂಡರು. ರೋಮಿನಲ್ಲಿ ಸೇವಕರು ಹೊತ್ತು ತಿರುಗುತ್ತಿದ್ದ ಕುಲೀನ ಮಹಿಳೆ ಇಲ್ಲಿ ಕತ್ತೆಯ ಮೇಲೆ ಕುಳಿತು ಪ್ರಯಾಣ ಮಾಡಿದರು. ಸಿದೋನ್, ತೂರ್, ಕೈಸರೇಯ, ಯೊಪ್ಪ, ಲುದ್ದ ಊರುಗಳನ್ನು ದಾಟಿ ಬೆಟ್ಟದ ದಾರಿ ಹಿಡಿಯುವ ಮೊದಲು ಅವರು ನಿಕೊಪೊಲಿಸ್ ಎಂಬ ಪಟ್ಟಣವನ್ನು ಹೊಕ್ಕರು. ಅದರ ಹಳೆಯ ಹೆಸರು ಎಮ್ಮಾವು.

ಪೌಲರು 404ರ ಜನವರಿಯಲ್ಲಿ ತೀರಿಕೊಂಡಾಗ ಅವರ ಮಗಳಿಗೆ ಸಾಂತ್ವನವಾಗಿ ಜೆರೋಮರು ಒಂದು ದೀರ್ಘ ಪತ್ರ ಬರೆದರು. ದುಃಖದಿಂದ ಬರೆಯಲಾಗದೆ ಎರಡು ರಾತ್ರಿಗಳಲ್ಲಿ ಅದನ್ನು ಹೇಳಿ ಬರೆಸಿದರು. ಆ ಯಾತ್ರೆಯ ಊರುಗಳೆಲ್ಲ ಅದರಲ್ಲಿ ಒಂದಾದ ಮೇಲೊಂದು ಬರುತ್ತವೆ. ನಿಕೊಪೊಲಿಸಿನಲ್ಲಿ ರೊಟ್ಟಿ ಮುರಿಯುವಾಗ ಪ್ರಭುವನ್ನು ಗುರುತಿಸಲಾಯಿತೆಂದೂ, ಕ್ಲೆಯೋಫನ ಮನೆ ಅಲ್ಲಿ ದೇವಾಲಯವಾಯಿತೆಂದೂ ಅವರು ಅದರಲ್ಲಿ ತಿಳಿಸಿದ್ದಾರೆ. ಹದಿನೆಂಟು ವರ್ಷಗಳ ನಂತರವೂ ಪ್ರತಿಯೊಂದು ಊರು, ಪೌಲರು ಅಲ್ಲಿ ಮೊಣಕಾಲೂರಿದ್ದು, ಅತ್ತದ್ದು ಎಲ್ಲವೂ ಅವರ ನೆನಪಿನಲ್ಲಿತ್ತು.

ಯಾತ್ರೆ ಜೆರುಸಲೇಮ್, ಹೆಬ್ರೋನ್, ಜೆರಿಕೊ, ಸಮಾರಿಯ, ನಜರೇತ್, ಕಾನಾ, ಕಫೆರ್ನವುಮ್‌ಗಳವರೆಗೂ ಸಾಗಿತು. ಮುಂದೆ ಈಜಿಪ್ಟಿಗೆ ಹೋಗಿ ಅಲೆಕ್ಸಾಂಡ್ರಿಯದ ಕುರುಡ ಗುರು ದಿದಿಮುಸರ ಪಾಠ ಕೇಳಿದರು. 386ರಲ್ಲಿ ಬೆತ್ಲೆಹೇಮಿಗೆ ಮರಳಿ ಅಲ್ಲೇ ನೆಲೆಸಿದರು. ಪೌಲರ ಹಣದಿಂದ ಸನ್ಯಾಸಿಗಳಿಗೆ, ಸನ್ಯಾಸಿನಿಯರಿಗೆ ಮಠಗಳು ಮತ್ತು ಯಾತ್ರಿಕರಿಗೆ ಛತ್ರ ಎದ್ದವು.

ಹಳೆಯ ಒಡಂಬಡಿಕೆಯ ಪೂರ್ವಕಾಲ ವೃತ್ತಾಂತ ಗ್ರಂಥಗಳ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಜೆರೋಮರು ತಮ್ಮ ಅಧ್ಯಯನದ ಗುಟ್ಟನ್ನು ಹೇಳಿದ್ದಾರೆ. ಯೂದೇಯ ನಾಡನ್ನು ಕಣ್ಣಾರೆ ಕಂಡು, ಹಳೆಯ ಊರುಗಳ ಹೆಸರು ಉಳಿದಿದೆಯೋ ಬದಲಾಗಿದೆಯೋ ಎಂದು ತಿಳಿದುಕೊಂಡವರಿಗೆ ಪವಿತ್ರ ಗ್ರಂಥ ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ಅವರ ಅನುಭವ. ಅದಕ್ಕಾಗಿ ಅವರು ವಿದ್ವಾಂಸರಾದ ಯೆಹೂದ್ಯರನ್ನು ಜೊತೆಗಿಟ್ಟುಕೊಂಡರು. ತಿಬೇರಿಯದ ಯೆಹೂದ್ಯ ಶಾಸ್ತ್ರಿಯೊಬ್ಬರ ಜೊತೆ ಕುಳಿತು ಹೆಸರುಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ತಾಳೆ ನೋಡಿದರು. ಬೆತ್ಲೆಹೇಮಿನಲ್ಲಿ ಬರನೀನ ಎಂಬ ಯೆಹೂದ್ಯ ಗುರು ತನ್ನ ಜನರ ಭಯದಿಂದ ರಾತ್ರಿ ಹೊತ್ತು ಬಂದು ಅವರಿಗೆ ಪಾಠ ಹೇಳುತ್ತಿದ್ದ. ಅದಕ್ಕೆ ಜೆರೋಮರು ಹಣ ತೆತ್ತರು, ತಮ್ಮವರಿಂದ ಬೈಗುಳವನ್ನೂ ತಿಂದರು. ಯೆಹೂದ್ಯರಿಂದ ಕಲಿಯುವುದು ಆ ಕಾಲದ ಅನೇಕ ಕ್ರೈಸ್ತರಿಗೆ ಸಹಿಸಲಾಗದ ಮಾತಾಗಿತ್ತು. ಜೆರೋಮರ ಬರಹದಲ್ಲೂ ಯೆಹೂದ್ಯರ ಬಗ್ಗೆ ಕಟುವಾದ ಮಾತುಗಳಿವೆ. ಆದರೆ ಊರಿನ ಹೆಸರು ಆ ಊರಿನ ಭಾಷೆಯವರಿಗೇ ಗೊತ್ತಿರುತ್ತದೆ ಎಂಬುದನ್ನು ಅವರು ಒಪ್ಪಿದ್ದರು.

ಸ್ಥಳನಾಮಗಳ ಪುಸ್ತಕ

390ರ ಸುಮಾರಿಗೆ ಜೆರೋಮರು ಹೆಸರುಗಳ ಮೇಲೆ ಒಂದರ ನಂತರ ಒಂದು ಪುಸ್ತಕ ಹೊರತಂದರು. ಹೀಬ್ರೂ ಹೆಸರುಗಳ ಅರ್ಥದ ಮೇಲೆ ಒಂದು, ಹೀಬ್ರೂ ಸ್ಥಳನಾಮಗಳ ಮೇಲೆ ಇನ್ನೊಂದು. ಎರಡನೆಯದು ಅವರ ಸ್ವಂತದ್ದಲ್ಲ. ಕೈಸರೇಯದ ಧರ್ಮಾಧ್ಯಕ್ಷರಾಗಿದ್ದ ಇತಿಹಾಸಕಾರ ಯೂಸೇಬಿಯಸ್ ಅದೇ ಶತಮಾನದ ಮೊದಲ ಭಾಗದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪಟ್ಟಿಯ ಲತೀನ್ ರೂಪ ಅದು. ಸುಮಾರು ಸಾವಿರ ಹೆಸರುಗಳು. ಅಕ್ಷರಕ್ಕೊಂದು ವಿಭಾಗ, ಒಂದೊಂದು ಅಕ್ಷರದೊಳಗೆ ಬೈಬಲಿನ ಗ್ರಂಥಗಳ ಕ್ರಮ. ಯಾವ ಊರು ಯಾವ ಪಟ್ಟಣದಿಂದ ಯಾವ ದಿಕ್ಕಿಗೆ, ರೋಮನ್ ಹೆದ್ದಾರಿಯ ಎಷ್ಟನೆಯ ಮೈಲುಗಲ್ಲಿನ ಬಳಿ, ಈಗ ಅಲ್ಲಿ ಯಾರು ವಾಸಿಸುತ್ತಾರೆ ಎಂಬ ವಿವರ ಹಲವು ಕಡೆ ಸಿಗುತ್ತದೆ. ನಮ್ಮ ತಂತ್ರಾಂಶದ ತಾತನ ತಾತ ಎನ್ನಬಹುದು!

ಜೆರೋಮರು ಅದನ್ನು ಕಣ್ಣುಮುಚ್ಚಿ ಅನುವಾದಿಸಲಿಲ್ಲ. ನೆನಪಿಡಲು ಯೋಗ್ಯವಲ್ಲವೆಂದು ತೋರಿದ್ದನ್ನು ಬಿಟ್ಟಿರುವುದಾಗಿಯೂ, ಹಲವನ್ನು ಬದಲಿಸಿರುವುದಾಗಿಯೂ ಮುನ್ನುಡಿಯಲ್ಲೇ ಹೇಳಿದರು. ತಮಗೆ ಗೊತ್ತಿದ್ದುದನ್ನು ಸೇರಿಸಿದರು. ತಾವು ವಾಸವಾಗಿದ್ದ ಬೆತ್ಲೆಹೇಮಿನ ವಿವರಕ್ಕೆ ಒಂದು ಮೈಲು ದೂರದ ಕುರಿಮಂದೆಯ ಗೋಪುರವನ್ನು ಸೇರಿಸಿದರು. ಹೆಬ್ರೋನಿನ ಬಳಿಯ ಮಮ್ರೆಯ ಹಳೆಯ ಮರ ತಮ್ಮ ಬಾಲ್ಯಕಾಲದವರೆಗೂ ಅಲ್ಲಿತ್ತೆಂದು ಬರೆದರು.

ನಮ್ಮನ್ನು ಕಾಡಿದ ಕಾಗುಣಿತದ ತೊಂದರೆ ಅವರನ್ನೂ ಕಾಡಿತ್ತು. ಹೀಬ್ರೂವಿನ ಕೆಲವು ಶಬ್ದಗಳಿಗೆ ಗ್ರೀಕ್, ಲತೀನ್ ಭಾಷೆಗಳಲ್ಲಿ ಅಕ್ಷರಗಳೇ ಇಲ್ಲ. ಸಕಾರದಂತೆ ಕೇಳಿಸುವ ಮೂರು ಅಕ್ಷರಗಳು ಹೀಬ್ರೂವಿನಲ್ಲಿದ್ದರೆ ಲತೀನಿನಲ್ಲಿ ಒಂದೇ ಒಂದು. ಮೂರು ಬೇರೆ ಹೆಸರುಗಳು ಲತೀನಿಗೆ ಬಂದಾಗ ಒಂದೇ ಅಕ್ಷರದ ಕೆಳಗೆ ಬಂದು ಕೂರುತ್ತವೆ. ನಮ್ಮ ಲಕಾರ, ಳಕಾರಗಳು ಇಂಗ್ಲಿಷಿಗೆ ಹೋದಾಗ ಒಂದೇ ಆಗುವಂತೆ. ಜೆರೋಮರು ಇದನ್ನು ಗಮನಿಸಿ ಓದುಗರನ್ನು ಎಚ್ಚರಿಸಿದರು. ನಕಲು ಮಾಡುವವರ ಕೈಯಲ್ಲಿ ಹೆಸರುಗಳು ಹೇಗೆ ಕೆಡುತ್ತವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಕಾಲದಲ್ಲಿ ಅವರು ಹಳೆಯ ಒಡಂಬಡಿಕೆಯನ್ನು ನೇರವಾಗಿ ಹೀಬ್ರೂವಿನಿಂದ ಲತೀನಿಗೆ ತರುವ ಮಹಾಕಾರ್ಯಕ್ಕೂ ಕೈಹಾಕಿದರು. 405ರ ಸುಮಾರಿಗೆ ಅದು ಮುಗಿಯಿತು. ಇಲ್ಲಿ ನಾವು ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಮಕ್ಕಬಿಯರ ಗ್ರಂಥವಿಲ್ಲವೆಂದು ನಾವು ತಂತ್ರಾಂಶದ ಮೇಲೆ ಕೋಪಿಸಿಕೊಂಡೆವಷ್ಟೆ. ಆದರೆ ಯೆಹೂದ್ಯರ ಹೀಬ್ರೂ ಬೈಬಲಿನಲ್ಲಿಲ್ಲದ ಗ್ರಂಥಗಳನ್ನು ಸ್ವತಃ ಜೆರೋಮರೇ ಬೇರೆ ಸಾಲಿನಲ್ಲಿ ಇಟ್ಟಿದ್ದರು. ಮಕ್ಕಬಿಯರ ಮೊದಲ ಗ್ರಂಥವನ್ನು ಹೀಬ್ರೂವಿನಲ್ಲಿ ಕಂಡಿದ್ದೇನೆಂದು ಬರೆದರೂ ಅದನ್ನು ಅನುವಾದಿಸಲಿಲ್ಲ. ಅವರ ಕಾಲದಲ್ಲೇ 393ರಲ್ಲಿ ಹಿಪ್ಪೊ, 397ರಲ್ಲಿ ಕಾರ್ತೇಜ್ ನಗರಗಳಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಗಳು ಆ ಗ್ರಂಥಗಳನ್ನು ಸ್ವೀಕರಿಸಿದವು. 1546ರಲ್ಲಿ ತ್ರೆಂತ್ ಮಹಾಸಭೆ ಅದನ್ನು ಸ್ಥಿರಪಡಿಸಿತು. ಅದೇ ಮಹಾಸಭೆ ಜೆರೋಮರ ವುಲ್ಗಾತ ಬೈಬಲಿಗೆ ಅಧಿಕೃತ ಸ್ಥಾನವನ್ನೂ ಕೊಟ್ಟಿತು. ಸಂತರ ಅಭಿಪ್ರಾಯವನ್ನು ಬಿಟ್ಟು ಅವರ ದುಡಿಮೆಯನ್ನು ಧರ್ಮಸಭೆ ಉಳಿಸಿಕೊಂಡಿತು.

ಕೊನೆಯ ವರ್ಷಗಳು

ಜೆರೋಮರ ಕೊನೆಯ ವರ್ಷಗಳು ಸುಖದವಲ್ಲ. ಒರಿಜೆನರ ಬೋಧನೆಗಳ ವಿಷಯದಲ್ಲಿ ಬಾಲ್ಯದ ಗೆಳೆಯ ರುಫಿನುಸರೊಂದಿಗೆ ಜಗಳ ಬಿದ್ದು, ಆ ಸ್ನೇಹ ಕೊನೆಗೆ ಮುರಿದುಹೋಯಿತು. ಸಂತ ಅಗಸ್ಟೀನರೊಂದಿಗೂ ಪತ್ರದಲ್ಲಿ ವಾದ ನಡೆಯಿತು. 410ರಲ್ಲಿ ಗೋಥರು ರೋಮನ್ನು ಕೊಳ್ಳೆ ಹೊಡೆದ ಸುದ್ದಿ ಬಂದಾಗ ಎಜೆಕಿಯೇಲನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದ ಅವರ ಕೈ ನಿಂತುಹೋಯಿತು. ರೋಮಿನ ನಿರಾಶ್ರಿತರು ಬೆತ್ಲೆಹೇಮಿನ ಬಾಗಿಲಿಗೆ ಬಂದರು. ಪುಸ್ತಕವನ್ನು ಬದಿಗಿಟ್ಟು ಅವರು ಆ ಜನರ ಸೇವೆಗೆ ನಿಂತರು. 416ರಲ್ಲಿ ದುಷ್ಕರ್ಮಿಗಳು ಅವರ ಮಠಕ್ಕೆ ಬೆಂಕಿ ಇಟ್ಟರು. ಕಣ್ಣು ಮಂಜಾಗಿತ್ತು, ದೇಹ ಸೋತಿತ್ತು. ಕ್ರಿ.ಶ. 420ರ ಸೆಪ್ಟೆಂಬರ್ 30ರಂದು ಬೆತ್ಲೆಹೇಮಿನಲ್ಲಿ ಅವರು ಕೊನೆಯುಸಿರೆಳೆದರೆಂದು ಪರಂಪರೆ ಹೇಳುತ್ತದೆ. ಪ್ರಭು ಯೇಸು ಜನಿಸಿದ ಗುಹೆಯ ಹತ್ತಿರವೇ ಅವರನ್ನು ಮಣ್ಣು ಮಾಡಲಾಯಿತು.

ಅಂದಹಾಗೆ, ಆ ಸಿಂಹದ ಕಥೆ ಮೊದಲು ಜೋರ್ಡನ್ ತೀರದ ಸನ್ಯಾಸಿ ಸಂತ ಗೆರಾಸಿಮುಸರದ್ದು. ಹೆಸರುಗಳ ಹೋಲಿಕೆಯಿಂದ ಅದು ಜೆರೋಮರಿಗೆ ಅಂಟಿಕೊಂಡಿತೆಂದು ವಿದ್ವಾಂಸರ ಅಭಿಪ್ರಾಯ. ಹೆಸರುಗಳನ್ನು ಬೇರ್ಪಡಿಸಲು ಜೀವ ತೇಯ್ದವರ ವಿಷಯದಲ್ಲೇ ಹೀಗಾಯಿತು!

ಹುಡುಗನಿಗೆ ಕೊಟ್ಟ ಉತ್ತರ

ಭಾನುವಾರ ಬಂತು. ಹುಡುಗ ಮೊದಲ ಬೆಂಚಿನಲ್ಲೇ ಕುಳಿತಿದ್ದ.

ಮೊಬೈಲೂ ಸುಳ್ಳು ಹೇಳಿಲ್ಲ, ಸಂತ ಲೂಕರೂ ಸುಳ್ಳು ಹೇಳಿಲ್ಲ ಎಂದು ಆರಂಭಿಸಿದೆವು. ಲೂಕರು ದೂರವನ್ನು ಹೇಳಿದ್ದು ಸ್ತಾದಿಯೊನ್ ಎಂಬ ಗ್ರೀಕ್ ಅಳತೆಯಲ್ಲಿ. ಒಂದು ಸ್ತಾದಿಯೊನ್ ಎಂದರೆ ಸುಮಾರು 185 ಮೀಟರ್. ಹೆಚ್ಚಿನ ಪ್ರಾಚೀನ ಹಸ್ತಪ್ರತಿಗಳಲ್ಲಿ 60 ಸ್ತಾದಿಯೊನ್ ಎಂದಿದೆ, ಅಂದರೆ ಸುಮಾರು 11 ಕಿಲೋಮೀಟರ್. ಆದರೆ ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿ ಮತ್ತು ಇನ್ನು ಕೆಲವು ಪ್ರತಿಗಳಲ್ಲಿ 160 ಎಂದಿದೆ, ಅಂದರೆ ಸುಮಾರು 30 ಕಿಲೋಮೀಟರ್. ಅದು ನಿಕೊಪೊಲಿಸಿನ ದೂರಕ್ಕೆ ಹೊಂದುತ್ತದೆ. ಎಮ್ಮಾವು ಎಂದರೆ ನಿಕೊಪೊಲಿಸ್ ಎಂದು ನಂಬಿದ್ದ ಕಾಲದಲ್ಲಿ ಯಾರೋ ನಕಲುಗಾರರು 60ನ್ನು 160 ಎಂದು ತಿದ್ದಿರಬೇಕೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 160ನ್ನೇ ಸರಿ ಎನ್ನುವವರೂ ಇದ್ದಾರೆ.

ನಿಕೊಪೊಲಿಸಿನ ಪರವಾಗಿ ಬಲವಾದ ಸಾಕ್ಷಿ ಇದೆ. ಮೂರನೆಯ ಶತಮಾನದಲ್ಲಿ ರೋಮನ್ನರು ವಿಜಯನಗರ ಎಂಬ ಅರ್ಥದ ಈ ಹೊಸ ಹೆಸರನ್ನು ಕೊಟ್ಟರೂ ಜನ ಹಳೆಯ ಹೆಸರನ್ನು ಬಿಡಲಿಲ್ಲ. ನಿಕೊಪೊಲಿಸ್ ಎಂಬ ಹೆಸರು ಬಳಕೆಯಿಂದ ಹೋಯಿತು. ಇಮ್ವಾಸ್ ಎಂದು ಅರಬ್ಬಿ ನಾಲಗೆಯಲ್ಲಿ ಎಮ್ಮಾವು ಉಳಿಯಿತು. 1967ರ ಯುದ್ಧದಲ್ಲಿ ಇಮ್ವಾಸಿನ ಜನರನ್ನು ಹೊರಗೆ ಕಳುಹಿಸಿ ಹಳ್ಳಿಯನ್ನು ಕೆಡವಲಾಯಿತು. ಹಳೆಯ ದೇವಾಲಯದ ಅವಶೇಷಗಳು ಮಾತ್ರ ಇಂದಿಗೂ ಅಲ್ಲಿ ನಿಂತಿವೆ. ಸ್ತ್ರಿದೋನಿನಂತೆಯೇ ಇನ್ನೊಂದು ಊರು ಹೋಯಿತು.

ಆದರೆ 60 ಸ್ತಾದಿಯೊನ್ ದೂರದಲ್ಲಿ ಬೇರೆ ಊರುಗಳೂ ಇವೆ. ಕ್ರೂಸೇಡ್ ಯೋಧರು ಅಬು ಘೋಷ್ ಎಂಬಲ್ಲಿ ಎಮ್ಮಾವಿನ ನೆನಪಿಗೆ ದೇವಾಲಯ ಕಟ್ಟಿದರು. ಫ್ರಾನ್ಸಿಸ್ಕನ್ ಸಭೆಯವರು ಅಲ್ ಕುಬೈಬ ಎಂಬ ಹಳ್ಳಿಯನ್ನು ಗೌರವಿಸುತ್ತಾರೆ. ಯೆಹೂದ್ಯ ಇತಿಹಾಸಕಾರ ಜೋಸೆಫುಸ್ ಜೆರುಸಲೇಮಿನಿಂದ 30 ಸ್ತಾದಿಯೊನ್ ದೂರದ ಇನ್ನೊಂದು ಎಮ್ಮಾವನ್ನು ಹೆಸರಿಸುತ್ತಾನೆ. ಅದು ಮೊತ್ಸ ಎಂಬ ಜಾಗವಿರಬೇಕೆಂದು ಊಹೆ. ಹೋಗಿಬರುವ ದೂರ ಸೇರಿದರೆ 60 ಆಗುತ್ತದೆ! ಇವುಗಳಲ್ಲಿ ಲೂಕರ ಎಮ್ಮಾವು ಯಾವುದೆಂದು ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಅವನ ಸಂಶಯ ಸರಿಯಾದುದೇ ಎಂದು ಎಲ್ಲ ಮಕ್ಕಳ ಮುಂದೆ ಹೇಳಿದೆವು. 30 ಕಿಲೋಮೀಟರ್ ನಡೆದು ಅದೇ ರಾತ್ರಿ ಹಿಂತಿರುಗುವುದು ಬಹಳ ಕಷ್ಟ. 11 ಕಿಲೋಮೀಟರ್ ಎಂದರೆ ಮೂರು ಗಂಟೆಯ ನಡಿಗೆ, ಸಂತೋಷದಲ್ಲಿರುವವರಿಗೆ ಅದಕ್ಕೂ ಕಡಿಮೆ. ದೊಡ್ಡ ದೊಡ್ಡ ಪಂಡಿತರು 60 ಸರಿಯೆಂದು ವಾದಿಸುವಾಗ ಕೊಡುವ ಕಾರಣಗಳಲ್ಲಿ ಇದೂ ಒಂದು. ಸಂತ ಜೆರೋಮರು ನಿಕೊಪೊಲಿಸನ್ನೇ ಎಮ್ಮಾವೆಂದು ನಂಬಿ ಅಲ್ಲಿಗೆ ಹೋದರು. ಅವರ ನಂಬಿಕೆ ತಪ್ಪಾಗಿರಲೂಬಹುದು. ಸಂತರಾದ ಮಾತ್ರಕ್ಕೆ ಭೂಗೋಳದಲ್ಲಿ ತಪ್ಪು ಮಾಡಬಾರದೆಂದಿಲ್ಲ. ಆದರೆ ಅವರು ಕುಳಿತಲ್ಲೇ ಉತ್ತರ ಬಯಸಲಿಲ್ಲ. ಭಾಷೆ ಕಲಿತರು, ಚಳಿಯಲ್ಲಿ ನಡೆದರು, ಗೊತ್ತಿದ್ದವರನ್ನು ಕೇಳಿದರು, ತಾವು ಬದಲಿಸಿದ್ದೇವೆಂದು ಬರೆದಿಟ್ಟರು. ನಾಲ್ಕು ರಾತ್ರಿ ಗುಂಡಿ ಒತ್ತಿ ಸಿಟ್ಟಾದ ನಮಗೆ ನಾಚಿಕೆಯಾಯಿತು.

ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಿದೆವು. ಆ ಇಬ್ಬರು ಶಿಷ್ಯರು ಪ್ರಭುವಿನ ಜೊತೆಯಲ್ಲೇ ಇಡೀ ದಾರಿ ನಡೆದರು. ದಾರಿ ಅವರಿಗೆ ಗೊತ್ತಿತ್ತು, ಊರು ಗೊತ್ತಿತ್ತು, ಪವಿತ್ರ ಗ್ರಂಥದ ವಿವರಣೆಯನ್ನೂ ಕೇಳಿದರು. ಆದರೂ ಅವರು ಪ್ರಭುವನ್ನು ಗುರುತಿಸಿದ್ದು ಮೇಜಿನ ಬಳಿ, ರೊಟ್ಟಿಯನ್ನು ಮುರಿದಾಗ. ಆ ಮೇಜು ಪ್ರತಿ ಬಲಿಪೂಜೆಯಲ್ಲೂ ನಮ್ಮ ಮುಂದಿದೆ. ಅದಕ್ಕೆ ನಕಾಶೆ ಬೇಡ.

ತರಗತಿ ಮುಗಿದ ಮೇಲೆ ಹುಡುಗ ತನ್ನ ಬೈಬಲನ್ನು ತೆರೆದು ಆ ವಚನದ ಪಕ್ಕದಲ್ಲಿ ಪೆನ್ಸಿಲಿನಿಂದ 160 ಎಂದು ಬರೆದು ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದ. ಬೈಬಲಿನಲ್ಲಿ ಗೀಚಬಾರದೆಂದು ಗದರಿಸಬೇಕಿತ್ತೇನೋ. ನಾವು ಗದರಿಸಲಿಲ್ಲ. ಸಂತ ಜೆರೋಮರೂ ಗದರಿಸುತ್ತಿರಲಿಲ್ಲ ಎಂದೇ ನಮ್ಮ ನಂಬಿಕೆ.

ಈ ಸಲದ ಸೆಪ್ಟೆಂಬರ್ 30ರಂದು ನಿಮ್ಮ ಮನೆಯ ಬೈಬಲನ್ನು ತೆರೆದು ನಿಮಗೆ ಗೊತ್ತಿಲ್ಲದ ಒಂದು ಊರಿನ ಹೆಸರನ್ನು ಹುಡುಕಿ ನೋಡಿರಿ. ಉತ್ತರ ಬೇಗ ಸಿಗದಿದ್ದರೆ ಬೇಸರಪಡಬೇಡಿ.

ಸಂತ ಜೆರೋಮರೇ, ನಮಗಾಗಿ ಪ್ರಾರ್ಥಿಸಿರಿ.